ಹೆದ್ದಾರಿಯಲ್ಲಿ ನಿಂತವನು

ಅಂಕೋಲಾ
19 ಜನವರಿ 2005

ಮಂದಾ,

ನೀನು ಸದಾಶಿವಗಡಕ್ಕೆ ಹೋದ ಮೇಲೆ ಕಿಶನನ ಅಂಗಡಿಗೆ ಎಷ್ಟೋ ಸಲ ಫೋನ್ ಮಾಡಿದೆ. ಪ್ರತಿ ಸಲವೂ ನಿನ್ನ ತಮ್ಮ, “ಅಕ್ಕ ಮಲಗಿದೆ ಭಾವಾ” ಎನ್ನುತ್ತಾನೆ. ಹಗಲು ಹೊತ್ತು ಮಲಗುವವಳು ನೀನಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನಾದರೂ ಒಡೆದು ಓದುತ್ತೀ ಎಂಬ ನಂಬಿಕೆ.

ನವೆಂಬರಿನಲ್ಲಿ ಹುಬ್ಬಳ್ಳಿಯಿಂದ ಇಬ್ಬರು ಬಂದಿದ್ದರು. ಪರೀಕ್ಷೆಯಲ್ಲಿ ಫೇಲಾದ ಮಕ್ಕಳು ಜೀವ ಕಳೆದುಕೊಳ್ಳಬಾರದು ಎಂದು ಒಂದು ಸಂಸ್ಥೆ ನಮ್ಮ ಜಿಲ್ಲೆಯಲ್ಲಿ ಜಾಹೀರಾತು ಹಾಕಿಸುತ್ತಿದೆ. ಅದನ್ನು ತಯಾರು ಮಾಡುವ ಹುಡುಗ ರೂಪೇಶ, ನಮ್ಮ ಕಾರವಾರದ ಬೈತಖೋಲದವನೇ. ಬಸ್ ಸ್ಟ್ಯಾಂಡಿನಲ್ಲಿ ನನ್ನ ಕಂಟ್ರೋಲರ್ ಖೋಲಿಗೆ ಬಂದು ಕೂತ. “ಯಾವ್ದೋ ಊರಿನ ಮಾಡೆಲ್ ಹುಡುಗನ ಫೋಟೋ ಹಾಕಿದ್ರೆ ಯಾರೂ ನಿಂತು ನೋಡೂದಿಲ್ಲ ಸರ್. ನಮ್ಮೂರ ಮುಖ ಬೇಕು” ಎಂದ. ನಾಗಶ್ರೀಯ ಮದುವೆಯಲ್ಲಿ ತೆಗೆದ ನಮ್ಮ ಸಂದೇಶನ ಫೋಟೋ ಕೊಟ್ಟೆ.

ನಿನ್ನನ್ನು ಕೇಳಿದ್ದರೆ ಬೇಡವೆನ್ನುತ್ತಿದ್ದೆ. ನಾನು ಸುಮ್ಮನಾಗುತ್ತಿದ್ದೆ. ಮತ್ತೆ ಮಾರ್ಚ್ ಬರುತ್ತಿತ್ತು, ಪರೀಕ್ಷೆ ಬರುತ್ತಿತ್ತು, ಮೇ ತಿಂಗಳಲ್ಲಿ ಇನ್ಯಾರದೋ ಮನೆಯ ಹುಡುಗ ರಿಸಲ್ಟ್ ನೋಡಿಕೊಂಡು ಬರುತ್ತೇನೆಂದು ಹೋದವನು ಬರುತ್ತಿರಲಿಲ್ಲ. ನಮ್ಮವನು ಹೋದ ಹಾಗೆ. ಅವನು ಸುಮ್ಮನೆ ಹೋದ ಎಂದಾಗಬಾರದು, ಮಂದಾ. ನನಗೆ ಬೇಕಾಗಿದ್ದದ್ದು ಇಷ್ಟೇ.

ಬೋರ್ಡು ನಿಲ್ಲಿಸಿದ ದಿನ ನೀನು ಸಂತೆಯಿಂದ ಬರುತ್ತ ಅದನ್ನು ನೋಡಿದೆ, ಮನೆಗೆ ಬಂದು ಚೀಲ ಇಟ್ಟು ಸೀರೆ ತುಂಬಿಕೊಂಡೆ. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ನಾನು ಮೈಕ್ ಮುಂದೆ ಕೂತರೆ ಎದುರಿಗೆ ಅವನು. ಹೆದ್ದಾರಿಯ ಆಚೆ, ನಾಲ್ಕು ಆಳೆತ್ತರ. ನಾನು ಬಸ್ಸುಗಳ ಹೆಸರು ಕೂಗುತ್ತೇನೆ, ಅವನು ನಗುತ್ತಿರುತ್ತಾನೆ. ಮೊದಲ ದಿನ ಎದೆ ಒಡೆದೇ ಹೋಯಿತು ಎಂದುಕೊಂಡೆ. ಈಗ ಬೆಳಿಗ್ಗೆ ಖೋಲಿಯ ಬಾಗಿಲು ತೆಗೆಯುವಾಗ, ಇದ್ದಾನಲ್ಲ, ಎನಿಸುತ್ತದೆ.

ಎರಡು ಸಾಲು ಬರೆ.

ಮಂಗೇಶ


ಸದಾಶಿವಗಡ
2 ಫೆಬ್ರುವರಿ 2005

ನಾಗಶ್ರೀಯ ಅಪ್ಪನವರಿಗೆ,

ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ಕಾಗದವೇ ವಾಸಿ.

ನಾನು ಯಾಕೆ ಹೊರಟೆ ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಬೋರ್ಡು ನೋಡಿ ಹೊರಟವಳಲ್ಲ ನಾನು. ಆ ದಿನ ಸಂತೆಯಿಂದ ಬರುವ ಬಸ್ಸಿನಲ್ಲಿ ಕೂತಿದ್ದೆ. ಸ್ಟ್ಯಾಂಡಿನ ಒಳಗೆ ಹೋಗದ ಬಸ್ಸು. ಕಂಡಕ್ಟರ್ ಹೊಸ ಹುಡುಗ, ನನ್ನ ಗುರುತಿಲ್ಲ. ಅವನು ಕೂಗಿದ: “ಯಾರ್ರೀ ಸಂದೇಶನ ಹತ್ರ ಇಳಿಯೂರು? ಸಂದೇಶನ ಹತ್ರ ಇಳೀರಿ ಬೇಗ.” ಬೆಳಿಗ್ಗೆ ನಿಲ್ಲಿಸಿದ ಬೋರ್ಡು, ಸಂಜೆಯೊಳಗೆ ಅದೊಂದು ಸ್ಟಾಪಾಗಿತ್ತು. ನಾಲ್ಕೈದು ಜನ ಎದ್ದರು. ನಾನೂ ಎದ್ದೆ. ಇಳಿದು ತಲೆ ಎತ್ತಿದೆ.

ಅವನ ಭುಜದ ಮೇಲೆ ಒಂದು ಕೈ ಇದೆ, ನೋಡಿದ್ದೀರಾ? ನಾಲ್ಕು ಬೆರಳು, ಹಸಿರು ಬಳೆಯ ಒಂದು ತುಣುಕು. ಉಳಿದದ್ದನ್ನು ಕತ್ತರಿಸಿದ್ದಾರೆ. ಅದು ನನ್ನ ಕೈ. ಫೋಟೋದವನು “ನಗು ತಮಾ” ಅಂದಾಗ ಇವನು ನಗಲಿಲ್ಲ, ನಾನು ಭುಜ ಹಿಂಡಿದೆ, ಆಗ ನಕ್ಕ. ಆ ನಗುವನ್ನು ನೀವು ರಸ್ತೆಗೆ ಕೊಟ್ಟಿರಿ. ನನ್ನ ಪಕ್ಕದಲ್ಲಿ ನಿಂತಿದ್ದ ಹೆಂಗಸು ತನ್ನ ಗಂಡನಿಗೆ ಹೇಳುತ್ತಿದ್ದಳು: “ಆ ಕೈ ಯಾರದು, ಹೆದ್ರಿಕೆ ಆಗ್ತದೆ ನೋಡಿದ್ರೆ.”

ಮೇಲೆ ಏನು ಬರೆದಿದ್ದಾರೆ! “ಇದು ಸಂದೇಶನ ಸಂದೇಶ.” ನನ್ನ ಮಾವ ಇಟ್ಟ ಹೆಸರು ಅದು. ಅಕ್ಷರದ ಆಟಕ್ಕೆ ಇಟ್ಟದ್ದಲ್ಲ. ಕೆಳಗೆ, “ಫೇಲಾದ. ಮನೆಗೆ ಮರಳಲಿಲ್ಲ. ಇಂದೇ ನಿಮ್ಮ ಮಕ್ಕಳೊಡನೆ ಮಾತಾಡಿ.” ಓದಿದವರಿಗೆ ಏನು ಅರ್ಥವಾಗುತ್ತದೆ? ಅವನೇ ಜೀವ ಕಳೆದುಕೊಂಡ ಎಂದು. ನಿಮಗೆ ಯಾರು ಹೇಳಿದರು? ಅವನು ಹೇಳಿದನೇ? ಸಿಟ್ಟು ಬಂದಾಗೆಲ್ಲ ಕೇಣಿಯ ಸಮುದ್ರಕ್ಕೆ ಹೋಗಿ ಈಜಿ ಬರುವುದು ಅವನ ಹಟ. ಹತ್ತನೇ ತರಗತಿಯಿಂದಲೂ ಹಾಗೆಯೇ. ಆ ದಿನವೂ ಅಲ್ಲಿಗೇ ಹೋದ. ರಿಸಲ್ಟಿಗೆ ಹೊರಡುವ ಮೊದಲೇ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟಿದ್ದ. ಈಜುವವನಲ್ಲದೆ ಗಡಿಯಾರ ಯಾರು ಬಿಚ್ಚಿಡುತ್ತಾರೆ?

ಅವನು ಈಜಲು ಹೋದ. ಸಮುದ್ರ ಬಿಡಲಿಲ್ಲ. ನನ್ನ ಮಗ ನನ್ನನ್ನು ಬಿಟ್ಟು ಹೋದವನಲ್ಲ.

ಮಂದಾಕಿನಿ


ಅಂಕೋಲಾ
20 ಫೆಬ್ರುವರಿ 2005

ಮಂದಾ,

ನಿನ್ನ ಕಾಗದ ಅಂಗಿಯ ಕಿಸೆಯಲ್ಲಿದೆ. ಕೈಯನ್ನು ನಾನು ನೋಡಿರಲಿಲ್ಲ. ಈಗ ಅದೇ ಕಾಣುತ್ತದೆ.

ಗಡಿಯಾರದ ವಿಷಯ ನನಗೂ ಗೊತ್ತು. ಪೊಲೀಸರಿಗೂ ಹೇಳಿದೆ, ಅವರೂ ಆಕಸ್ಮಿಕ ಎಂದೇ ಬರೆದುಕೊಂಡರು. ಆದರೆ ಆ ದಿನ ಕೇಣಿಯಲ್ಲಿ ಅಲೆ ಎದ್ದಿತ್ತು. ದೋಣಿಯವರೇ ಇಳಿದಿರಲಿಲ್ಲ. ಸಮುದ್ರದ ಮನಸ್ಸು ದಡದಲ್ಲಿ ನಿಂತೇ ಓದುವ ಹುಡುಗ ಅದನ್ನು ನೋಡಿಯೂ ಇಳಿದ ಎಂದರೆ ನಾನು ಏನೆಂದು ತಿಳಿಯಲಿ? ಗಡಿಯಾರ ಅವನಿಗೆ ನಾನು ಕೊಡಿಸಿದ್ದು. ಹಾಳಾಗಬಾರದು ಎಂದು ಬಿಟ್ಟು ಹೋದನೇನೋ. ನಾನು ಈ ಎರಡರ ನಡುವೆ ಎಷ್ಟು ಸಲ ನಡೆದಿದ್ದೇನೆಂದು ನಿನಗೆ ತಿಳಿಯದು.

ಬೋರ್ಡು ಬಂದ ಮೇಲೆ ಜನ ಬರುತ್ತಾರೆ. ಯಲ್ಲಾಪುರದ ಬಸ್ಸಿಗೆ ಕಾಯುವವರು ಒಳಗೆ ಇಣುಕಿ, “ಕಂಟ್ರೋಲರ್ ಸಾಹೇಬ್ರೆ, ಅದು ನಿಮ್ಮ ಹುಡ್ಗನೇ ಹೌದೇನ್ರಾ?” ಎನ್ನುತ್ತಾರೆ. ಹೌದು ಎನ್ನುತ್ತೇನೆ. ಮೊನ್ನೆ ನಮ್ಮ ಡ್ರೈವರ್ ಮಾಸ್ತಿ ಡ್ಯೂಟಿ ಮುಗಿಸಿ ಬಂದು ಬಾಗಿಲಲ್ಲಿ ನಿಂತ. ಗಟ್ಟಿ ಮನುಷ್ಯ, ಘಟ್ಟದ ತಿರುವಿನಲ್ಲಿ ಬ್ರೇಕ್ ಹೋದಾಗಲೂ ಬೆವರದವನು. “ನಿನ್ನೆ ನನ್ನ ಮಗನ ಹತ್ರ ಕೂತ್ಕಂಡು ಉಂಡೆ ಮಂಗೇಶಣ್ಣ. ಎಷ್ಟು ವರ್ಷ ಆಯ್ತೋ. ಎಂತಾ ಮಾತಾಡೂಕೂ ಗೊತ್ತಾಗ್ಲಿಲ್ಲ. ಉಪ್ಪಿನಕಾಯಿ ಹಾಕ್ದೆ” ಎಂದ. ಹೇಳುತ್ತ ಹೇಳುತ್ತ ಅತ್ತ.

ಇದಕ್ಕೆ ಬೆಲೆ ಇಲ್ಲ ಎನ್ನುತ್ತೀಯಾ? ಅವನ ಮುಖ ನೋಡಿ ಒಂದು ಮನೆಯಲ್ಲಿ ಅಪ್ಪ ಮಗ ಒಟ್ಟಿಗೆ ಉಂಡರು.

ರೂಪೇಶ ಮತ್ತೆ ಫೋನ್ ಮಾಡಿದ್ದ. ಪರೀಕ್ಷೆಯ ಮೊದಲು ಇನ್ನೂ ಒಂದು ಕಡೆ ಹಾಕಬೇಕಂತೆ. ನಿಮಗೆ ಸರಿ ಕಂಡಲ್ಲಿ ಹಾಕಿ ಎಂದೆ.

ನಾಗಶ್ರೀ ಕುಮಟೆಯಿಂದ ಬಂದು ಎರಡು ದಿನ ಇದ್ದು ಹೋದಳು. ನಿನ್ನನ್ನೇ ಕೇಳಿದಳು.

ಮಂಗೇಶ


ಸದಾಶಿವಗಡ
14 ಮಾರ್ಚ್ 2005

ನಾಗಶ್ರೀಯ ಅಪ್ಪನವರಿಗೆ,

ಅವನು ಇಲ್ಲಿಗೂ ಬಂದ.

ನಿನ್ನೆ ಬೆಳಿಗ್ಗೆ ಕಾರವಾರದ ಆಸ್ಪತ್ರೆಗೆ ಕಿಶನನ ಹೆಂಡತಿ ವೈಜಯಂತಿ ವೈನಿಯನ್ನು ಕರೆದುಕೊಂಡು ಹೋಗಿದ್ದೆ. ಹೋಗುವಾಗ ಕಾಳಿ ಸೇತುವೆಯ ಈಚೆ ತುದಿಯಲ್ಲಿ ಕಬ್ಬಿಣದ ಚೌಕಟ್ಟು ಖಾಲಿ ಇತ್ತು. ಬರುವಾಗ ಅವನು ನಿಂತಿದ್ದ. ಸೇತುವೆಯ ಮೇಲೆ ಬಸ್ಸು ಮುಂದೆ ಮುಂದೆ ಬಂದ ಹಾಗೆ ಮುಖ ದೊಡ್ಡದಾಗುತ್ತ ಹೋಯಿತು. ವೈನಿ ನನ್ನ ಕಣ್ಣಿಗೆ ಸೆರಗು ಅಡ್ಡ ಹಿಡಿದಳು. ಆಗಲೇ ನೋಡಿ ಆಗಿತ್ತು.

ಅಂಕೋಲೆಯಿಂದ ನಾನು ಯಾಕೆ ಬಂದೆ ಎಂದು ನಿಮಗೆ ಗೊತ್ತಿತ್ತು. ಆದರೂ ನೀವು, ನಿಮಗೆ ಸರಿ ಕಂಡಲ್ಲಿ ಹಾಕಿ, ಎಂದಿರಿ.

ಆ ರೂಪೇಶನ ವಿಳಾಸವನ್ನು ಕಿಶನ ಎಲ್ಲಿಂದಲೋ ತಂದುಕೊಟ್ಟ. ಅವನಿಗೇ ಬರೆದಿದ್ದೇನೆ.

ಮಂದಾಕಿನಿ


ಹುಬ್ಬಳ್ಳಿ
30 ಮಾರ್ಚ್ 2005

ಮಂದಾಕಿನಿ ಅಮ್ಮನವರಿಗೆ ರೂಪೇಶನ ನಮಸ್ಕಾರಗಳು.

ನಿಮ್ಮ ಪತ್ರ ಆಫೀಸಿಗೆ ಬಂತು. ಆ ದಿನ ಏನೂ ಕೆಲಸ ಆಗಲಿಲ್ಲ.

ನಿಮ್ಮ ಒಪ್ಪಿಗೆ ಇಲ್ಲವೆಂದು ನನಗೆ ತಿಳಿದಿರಲಿಲ್ಲ. ಮಂಗೇಶ ಸರ್ ಸಹಿ ಮಾಡಿದ್ದರು. ಅದು ಮನೆಯವರೆಲ್ಲರ ಮಾತು ಎಂದುಕೊಂಡೆ. ಸೋಪು, ಬನಿಯನ್ನು, ಮೊಬೈಲು ಇವುಗಳ ಜಾಹೀರಾತು ಮಾಡಿ ಮಾಡಿ ಸಾಕಾಗಿದ್ದವನು ನಾನು. ಇದೊಂದು ಕೆಲಸಕ್ಕೆ ಮಾತ್ರ ಮನಸ್ಸು ಪೂರ್ತಿ ಕೊಟ್ಟಿದ್ದೆ. ಹೆಸರು ಕೇಳಿದಾಗ, ಸಂದೇಶನ ಸಂದೇಶ ಎಂಬ ಸಾಲು ತಾನಾಗಿ ಬಂತು. ಎಲ್ಲರೂ ಮೆಚ್ಚಿದರು. ನಿಮ್ಮ ಪತ್ರ ಓದಿದ ಮೇಲೆ ಆ ಸಾಲನ್ನು ಬಾಯಿಬಿಟ್ಟು ಓದಲು ನನಗೆ ಆಗುತ್ತಿಲ್ಲ.

ಕೈಯ ಬಗ್ಗೆ ಕೇಳಿದ್ದೀರಿ. ಕಂಪ್ಯೂಟರಿನಲ್ಲಿ ಅಳಿಸಬಹುದಿತ್ತು. ಅಳಿಸಿಯೂ ನೋಡಿದೆ. ಆಗ ಅವನು ಯಾರೂ ಇಲ್ಲದ ಹುಡುಗನ ಹಾಗೆ ಕಂಡ. ಮತ್ತೆ ಇದ್ದ ಹಾಗೇ ಇಟ್ಟೆ. ಯಾರ ಕೈ ಎಂದು ಗೊತ್ತಿರಲಿಲ್ಲ ಅಮ್ಮ.

ಬೋರ್ಡಿನಲ್ಲಿ ಒಂದು ಫೋನ್ ನಂಬರ್ ಇದೆ. ಸಂಜೆ ಅದಕ್ಕೆ ಉತ್ತರ ಕೊಡುವವರಲ್ಲಿ ನಾನೂ ಒಬ್ಬ. ಮಾಡುವವರಲ್ಲಿ ಹೆಚ್ಚಿನವರು ಮಾತಾಡುವುದಿಲ್ಲ. ಉಸಿರು ಕೇಳಿಸುತ್ತದೆ, ಹಿಂದೆ ಎಲ್ಲೋ ಕುಕ್ಕರ್ ಕೂಗುವುದು, ಟೀವಿ ಕೇಳಿಸುತ್ತದೆ. ನಾನು “ಹೇಳಿ, ನಾನು ಇಲ್ಲೇ ಇದ್ದೇನೆ” ಎನ್ನುತ್ತಿರುತ್ತೇನೆ. ಆಮೇಲೆ ಇಟ್ಟುಬಿಡುತ್ತಾರೆ. ಆ ಉಸಿರುಗಳನ್ನು ನೆನೆದರೆ ಬೋರ್ಡು ಇಳಿಸಲು ಧೈರ್ಯ ಬರುವುದಿಲ್ಲ. ರಿಸಲ್ಟ್ ಆಗುವವರೆಗೆ ಇರಲಿ. ನಿಮ್ಮ ಕಾಲಿಗೆ ಬಿದ್ದು ಕೇಳುತ್ತೇನೆ.

ರೂಪೇಶ


ಸದಾಶಿವಗಡ
25 ಏಪ್ರಿಲ್ 2005

ನಾಗಶ್ರೀಯ ಅಪ್ಪನವರಿಗೆ,

ಬಹಳ ದಿನ ಬರೆಯಲಿಲ್ಲ. ನೀವು ಎರಡು ಕಾಗದ ಹಾಕಿದ್ದೀರಿ. ಓದಿದೆ.

ಈಗ ದಿನಾ ಅಲ್ಲಿಗೆ ಹೋಗುತ್ತೇನೆ. ಮೊದಲು ಸೇತುವೆಯ ದಾರಿ ಬಿಟ್ಟು ತೋಟದ ಹಿಂದಿನಿಂದ ಸುತ್ತಿಕೊಂಡು ಓಡಾಡುತ್ತಿದ್ದೆ. ಒಂದು ಮಧ್ಯಾಹ್ನ ಗಾಳಿ ಜೋರಾಗಿತ್ತು. ಅಷ್ಟು ದೂರಕ್ಕೂ ಪಟಪಟ ಶಬ್ದ ಕೇಳುತ್ತಿತ್ತು, ಯಾರೋ ಒದ್ದೆ ಬಟ್ಟೆ ಕೊಡವುತ್ತಿರುವ ಹಾಗೆ. ಮನೆಯಲ್ಲಿ ಕೂರಲು ಆಗಲಿಲ್ಲ. ಹೋಗಿ ನೋಡಿದರೆ ಗಾಳಿಗೆ ಅವನ ಮುಖ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಉಸಿರಾಡುವ ಹಾಗೆ. ಅಲ್ಲಿ ಮೋರಿಯ ಕಟ್ಟೆ ಇದೆ. ಕೂತೆ. ಗಾಳಿ ನಿಲ್ಲುವ ತನಕ ಕೂತೆ. ಗಾಳಿ ನಿಂತಾಗ ಅವನ ಉಸಿರೂ ನಿಂತಿತು.

ಆಮೇಲಿಂದ ದಿನಾ ಹೋಗುತ್ತೇನೆ. ಏನಾದರೂ ಹೇಳುತ್ತೇನೆ. ಇವತ್ತು ಬಂಗಡೆ ಬಂದಿತ್ತು, ನೀನಿದ್ದಿದ್ದರೆ ಹುರಿಯುತ್ತಿದ್ದೆ, ಇಂಥದ್ದು. ಅವನು ನನ್ನ ಕಡೆ ನೋಡುವುದಿಲ್ಲ. ಯಾವ ಕಡೆ ಕೂತರೂ ಅವನ ಕಣ್ಣು ನನ್ನ ತಲೆಯ ಮೇಲಿಂದ ಹಾದು ಸಮುದ್ರದ ಕಡೆಗಿದೆ. ಕಿಶನ ಬಂದು ಕೈ ಹಿಡಿದು ಎಬ್ಬಿಸುತ್ತಾನೆ. ನಿನ್ನೆ ವೈಜಯಂತಿ ವೈನಿ ಬಾಗಿಲ ಹಿಂದೆ ನಿಂತು ಅವನಿಗೆ ಹೇಳುತ್ತಿದ್ದಳು: “ನಿಮ್ಮ ಅಕ್ಕನ್ನ ಯಾರಿಗಾದ್ರೂ ತೋರಿಸ್ಬೇಕು. ಜನ ಮಾತಾಡೂಕೆ ಶುರು ಮಾಡಿದಾರೆ.”

ಒಂದು ವಿಷಯ ನಿಮಗೆ ಹೇಳಬೇಕು. ಬಿಸಿಲಿಗೆ ಬಣ್ಣ ಹೋಗುತ್ತಿದೆ. ಮೊದಲು ಕೆಂಪು ಹೋಯಿತು. ತುಟಿ, ಕೆನ್ನೆ, ಹಣೆಯ ಕುಂಕುಮ. ಆಮೇಲೆ ಹಳದಿ. ಈಗ ನೀಲಿ ಮಾತ್ರ ಉಳಿದಿದೆ. ಅವನು ನೀಲಿಯಾಗುತ್ತಿದ್ದಾನೆ. ಕೇಣಿಯ ದೋಣಿಯವರು ಅಂಗಳಕ್ಕೆ ತಂದು ಮಲಗಿಸಿದಾಗ ಇದ್ದನಲ್ಲ, ಆ ಬಣ್ಣ.

ನಿಮ್ಮ ಬೋರ್ಡಿನಲ್ಲೂ ಹಾಗೆಯೇ ಆಗಿದೆಯೇ?

ಮಂದಾಕಿನಿ


ಅಂಕೋಲಾ
12 ಮೇ 2005

ಮಂದಾ,

ಅವನ ವರ್ಷದ ತಿಥಿಗೆ ನೀನು ಬಂದು ಸಂಜೆಯ ಬಸ್ಸಿಗೇ ಹೊರಟುಹೋದೆ. ಎಲೆಗೆ ಬಡಿಸುವಾಗ ನಿನ್ನ ಕೈ ನನ್ನ ಕೈಗೆ ತಾಗಿತು. ನೀನು ಬಹಳ ಇಳಿದುಹೋಗಿದ್ದೀ.

ಕಾಗದದಲ್ಲಿ ಕೇಳಿದ್ದೆಯಲ್ಲ. ಹೌದು, ಇಲ್ಲಿಯೂ ನೀಲಿ. ನಾನು ಗಮನಿಸಿದ್ದೆ. ಹೇಳುವ ಧೈರ್ಯ ಇರಲಿಲ್ಲ.

ನನಗೂ ಒಂದು ಆಗಿದೆ. ಯಾರಿಗೂ ಹೇಳಿಲ್ಲ. ಹೋದ ವಾರ ಮಧ್ಯಾಹ್ನ ಗೋಕರ್ಣದ ಬಸ್ಸು ಬಂತು. ಮೈಕ್ ಒತ್ತಿದೆ. ಎದುರಿಗೆ ಅವನು ಬಿಸಿಲಲ್ಲಿ ನಿಂತಿದ್ದ. “ಸಂದೇಶಾ, ಊಟಕ್ಕೆ ಬಾರೋ” ಎಂದುಬಿಟ್ಟೆ. ಇಡೀ ಸ್ಟ್ಯಾಂಡಿಗೆ ಕೇಳಿತು. ಕಡಲೆ ಮಾರುವವನು ಕೂಗುವುದನ್ನು ನಿಲ್ಲಿಸಿದ. ಯಾರೂ ನನ್ನ ಕಡೆ ನೋಡಲಿಲ್ಲ ಮಂದಾ, ಎಲ್ಲರೂ ತಿರುಗಿ ಬೋರ್ಡಿನ ಕಡೆ ನೋಡಿದರು. ಅವನು ಬರುತ್ತಾನೋ ಎಂಬ ಹಾಗೆ.

ನಾನೂ ನೋಡಿದೆ.

ಮುಂದಿನ ವಾರ ರಿಸಲ್ಟ್. ಅದೊಂದು ದಾಟಲಿ.

ಮಂಗೇಶ


ಸದಾಶಿವಗಡ
23 ಮೇ 2005

ನಾಗಶ್ರೀಯ ಅಪ್ಪನವರಿಗೆ,

ರಿಸಲ್ಟಿನ ದಿನ ನಡೆದದ್ದನ್ನು ಬರೆಯುತ್ತಿದ್ದೇನೆ. ಒಂದೇ ಸಲಕ್ಕೆ ಓದಬೇಡಿ. ಮನೆಗೆ ಹೋಗಿ ಕೂತು ಓದಿ.

ಆ ದಿನ ಬೆಳಿಗ್ಗೆಯಿಂದಲೇ ನಾನು ಮೋರಿಯ ಕಟ್ಟೆಯ ಮೇಲಿದ್ದೆ. ಮನೆಯಲ್ಲಿದ್ದರೆ ಹೋದ ವರ್ಷದ ಆ ದಿನ ನನ್ನ ಮೇಲೇ ಬಂದು ಬೀಳುತ್ತಿತ್ತು. ಕಾರವಾರದ ಕಾಲೇಜಿನಿಂದ ಮಕ್ಕಳು ಗುಂಪುಗುಂಪಾಗಿ ಸೇತುವೆ ದಾಟಿ ಬರುತ್ತಿದ್ದರು. ಕೆಲವರು ನಗುತ್ತ, ಕೆಲವರು ಸುಮ್ಮನೆ. ಎಲ್ಲರೂ ಹೋಗಿ ಆದ ಮೇಲೆ ಒಬ್ಬಳು ಬಂದಳು. ಬೋರ್ಡಿನ ಎದುರು ನಿಂತಳು. ಎಷ್ಟು ಹೊತ್ತಾದರೂ ಕದಲಲಿಲ್ಲ. ಆಮೇಲೆ ತಿರುಗಿ ಸೇತುವೆಯ ಕಡೆಗೇ ನಾಲ್ಕು ಹೆಜ್ಜೆ ಹೋದಳು, ಮತ್ತೆ ನಿಂತಳು.

ನಾನು ಕೂಗಿದೆ. “ತಂಗೀ, ಯಾರ ಮನೆಯವ್ಳೇ ನೀನು?”

“ಹೀರಾನ ಮಗಳು. ಮೀನು ಮಾರ್ತದಲ್ರಾ, ಹೀರಾ. ನಾನು ಲತಾ.” ಅವಳು ಕೊಂಕಣಿ, ನಾನು ಕನ್ನಡ, ಎರಡೂ ಕಲಸಿ ಮಾತಾಡಿದೆವು.

“ಮನೆಗೆ ಹೋಗೂದಿಲ್ವೇ?”

“ಹೋಗ್ತೆ. ಇವನ್ನ ನೋಡ್ತಿದ್ದೆ.”

“ಎಂತಾ ನೋಡೂದು ಅದರಲ್ಲಿ?”

ಅವಳು ನನ್ನ ಪಕ್ಕ ಬಂದು ಕೂತಳು. ಅಳುತ್ತಿರಲಿಲ್ಲ. ನೀವು ನಂಬಬೇಕು, ಅವಳ ಮುಖದಲ್ಲಿ ಒಂದು ಥರದ ಆಸೆ ಇತ್ತು. ಜಾತ್ರೆಯ ಅಂಗಡಿಯಲ್ಲಿ ಬಳೆ ನೋಡುವ ಮಕ್ಕಳ ಹಾಗೆ.

“ಎಷ್ಟು ಚಂದ ಅದೆ ನೋಡ್ರಾ ಫೋಟೋ,” ಎಂದಳು. “ಇಂವ ಫೇಲಾಗಿ ಮನೇಲೇ ಕೂತಿದ್ರೆ ಇವನ ಅಪ್ಪ ಇಷ್ಟು ದೊಡ್ಡ ಫೋಟೋ ಹಾಕ್ತಿದ್ನಾ? ಬೈತಿದ್ದ. ದನ ಕಾಯೂಕೆ ಹೋಗು ಅಂತಿದ್ದ. ಈಗ ನೋಡಿ, ಊರಿಗೆಲ್ಲಾ ಹೇಳ್ತದಾನೆ, ನನ್ನ ಮಗ, ನನ್ನ ಮಗ ಅಂತ. ಬಸ್ಸಲ್ಲಿ ಹೋಗೂರೆಲ್ಲ ಇವನ ಹೆಸರು ಓದ್ತಾರೆ.”

ನಾನು ಅವಳ ಕಡೆಗೆ ಸರಿದು ಕೂತೆ.

“ನಾನು ಸತ್ರೆ ನಮ್ಮ ಆಯಿ ಹತ್ರ ಕೊಡೂಕೆ ಒಂದು ಫೋಟೋನೂ ಇಲ್ಲ,” ಎಂದಳು. “ಹಾಲ್ ಟಿಕೆಟ್ಟಿಂದು ಒಂದು ಅದೆ. ಅದ್ರಲ್ಲಿ ಕಣ್ಣು ಮುಚ್ಕಂಡಿದ್ದೆ.”

ಅವಳು ಅದನ್ನು ಯೋಚಿಸಿ ಇಟ್ಟುಕೊಂಡಿದ್ದಳು. ಯಾವ ಫೋಟೋ ಎಂಬುದರವರೆಗೆ ಯೋಚಿಸಿದ್ದಳು. ಹದಿನೇಳು ವರ್ಷದ ಹುಡುಗಿ. ನಿಮ್ಮ ಬೋರ್ಡಿನ ಕೆಳಗೆ ಕೂತು.

ನಾನು ಅವಳ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳದ ಹಾಗೆ ಹಿಡಿದೆ. “ಇಂವ ನನ್ನ ಮಗ” ಎಂದೆ. ಅವಳು ನನ್ನ ಮುಖ ನೋಡಿದಳು, ಬೋರ್ಡು ನೋಡಿದಳು, ಮತ್ತೆ ನನ್ನ ಕೈ ನೋಡಿದಳು.

ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. ಇಷ್ಟು ಹೇಳಿದೆ: “ಈ ಬೋರ್ಡು ಅಂವ ನೋಡ್ಲೇ ಇಲ್ಲ ತಂಗೀ. ತನ್ನ ಹೆಸರು ಇಷ್ಟು ದೊಡ್ಡಕ್ಕೆ ಬರ್ದದ್ದು ಅಂವಂಗೆ ಗೊತ್ತೇ ಇಲ್ಲ. ನಾನು ದಿನಾ ಬಂದು ಇಲ್ಲಿ ಕೂತ್ಕಂತೆ, ಮೀನು ಬಂತು, ಮಳೆ ಬರ್ತದೆ ಅಂತ ಹೇಳ್ತೆ. ಒಂದ್ಸಲ ನನ್ನ ಕಡೆ ನೋಡ್ಲಿಲ್ಲ. ಇದು ಅಂವ ಅಲ್ಲ. ಅಂವ ಎಲ್ಲೂ ಇಲ್ಲ. ನೀನು ನನ್ನ ಪಕ್ಕ ಕೂತೀಯಲ್ಲ, ನಿನ್ನ ಕೈ ಬೆವರ್ತದಲ್ಲ, ಅಷ್ಟೂ ಅಂವ ಇಲ್ಲ.”

ಹೇಳುತ್ತಿದ್ದ ಹಾಗೆ ನನಗೇ ಗೊತ್ತಾಯಿತು. ಇಷ್ಟು ದಿನ ಗೊತ್ತಿರಲಿಲ್ಲ. ಆಮೇಲೆ ಇಬ್ಬರೂ ಅತ್ತೆವು. ಲಾರಿಯವರು ನಿಧಾನ ಮಾಡಿ ನೋಡಿ ಹೋದರು.

ಅವಳನ್ನು ಮನೆಗೆ ನಾನೇ ಕರೆದುಕೊಂಡು ಹೋದೆ. ಹೀರಾ ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದಳು. ಮೊದಲು ತಡವಾಗಿದ್ದಕ್ಕೆ ಬಾಯಿಗೆ ಬಂದ ಹಾಗೆ ಬೈದಳು. ನಾನು ಅವಳನ್ನು ಹಿತ್ತಲಿಗೆ ಕರೆದು ಎಲ್ಲ ಹೇಳಿದೆ. ಅವಳ ಕೈಯಿಂದ ಬುಟ್ಟಿ ಬಿತ್ತು. “ಅಕ್ಕಾ, ಆ ಬೋರ್ಡಿನ ಬುಡದಲ್ಲೇ ದಿನಾ ಮೀನಿನ ಬುಟ್ಟಿ ಇಳಿಸ್ತೆ ನಾನು,” ಎಂದಳು. “ನಂಗೆ ಓದೂಕೆ ಬರೂದಿಲ್ಲ. ಮೊಬೈಲಿನ ಜಾಹೀರಾತು ಅಂತ ಮಾಡಿದ್ದೆ. ಹುಡುಗ ಅಷ್ಟು ಚಂದ ನಗ್ತದಾನಲ್ಲ.”

ಈಗ ಅವಳು ಮಗಳನ್ನು ಬೆಳಿಗ್ಗೆ ಮೀನು ಪೇಟೆಗೆ ಜೊತೆಗೇ ಕರೆದುಕೊಂಡು ಹೋಗುತ್ತಾಳೆ. ಮಧ್ಯಾಹ್ನ ಹುಡುಗಿ ನನ್ನ ಹತ್ತಿರ ಇರುತ್ತಾಳೆ. ರಾತ್ರಿ ತಾಯಿಯ ಮಗ್ಗುಲಲ್ಲಿ. ಕಾರವಾರದ ಡಾಕ್ಟರಿಗೂ ತೋರಿಸಿದ್ದೇವೆ.

ಮಾಸ್ತಿಯ ಮಗನ ಬಗ್ಗೆ ನೀವು ಬರೆದಿದ್ದಿರಿ. ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಇದೂ ನಿಜ. ಎಷ್ಟು ಮಕ್ಕಳು ಆ ನಗು ನೋಡಿ ಏನೇನು ಅಂದುಕೊಂಡರೋ. ನಾನು ಬೋರ್ಡು ಇಳಿಸಿ ಎಂದು ನನಗಾಗಿ ಕೇಳುತ್ತಿದ್ದೆ. ಇವತ್ತು ನನಗಾಗಿ ಕೇಳುತ್ತಿಲ್ಲ.

ಮಂದಾಕಿನಿ


ಅಂಕೋಲಾ
8 ಜೂನ್ 2005

ಮಂದಾ,

ಎರಡೂ ಬೋರ್ಡು ಇಳಿಸಿದರು. ಸೇತುವೆಯದನ್ನು ಇಳಿಸುವಾಗ ನೀನು ಅಲ್ಲಿದ್ದೆ ಎಂದು ಕಿಶನ ಹೇಳಿದ.

ನಿನ್ನ ಕಾಗದ ಬಂದ ದಿನವೇ ರೂಪೇಶನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವನು ಇನ್ನೊಮ್ಮೆ ಓದಿಸಿ ಕೇಳಿದ. ಆಮೇಲೆ, “ಸರ್, ಒಬ್ಬಳು ಹೀಗೆ ಅಂದ್ಕೊಂಡ್ರೆ, ಇದನ್ನು ನೋಡಿ ಎಷ್ಟೋ ಮಂದಿ ಉಳ್ಕೊಂಡಿರಬಹುದಲ್ಲ?” ಎಂದ.

“ಇರಬಹುದು ರೂಪೇಶ. ಅದೂ ನಮಗೆ ಗೊತ್ತಿಲ್ಲ” ಎಂದೆ.

“ನಂಬರ್ ಮಾತ್ರ ಇರಲಿ ಸರ್. ಮುಖ ಬೇಡ. ಫೇಲಾಗಿ ಬದುಕಿದವರು ಮಾತಾಡುವ ಹಾಗೆ ಬೇರೆ ಏನಾದರೂ ಮಾಡ್ತೇನೆ. ಓದಲು ಬಾರದವರಿಗೆ ರೇಡಿಯೋದಲ್ಲಿ” ಎಂದ. ಒಳ್ಳೆಯ ಹುಡುಗ.

ಇಲ್ಲಿಯದನ್ನು ಇಳಿಸುವ ದಿನ ಗಾಳಿ ಇತ್ತು, ಮಳೆ ಇನ್ನೇನು ಬರುವ ಹಾಗಿತ್ತು. ಮೊದಲು ಎಡಗಡೆಯ ಹಗ್ಗ ಬಿಚ್ಚಿದರು. ಅವನು ಒಂದು ಕಡೆಗೆ ಬಾಗಿದ. ಕೈ ಕೊಟ್ಟು ಹಿಡಿಯಬೇಕು ಎನಿಸಿತು. ರಸ್ತೆ ದಾಟಿ ಓಡಿದೆ. ನಮ್ಮ ಡ್ರೈವರುಗಳೂ ಬಂದು ಹಿಡಿದರು, ಮಾಸ್ತಿ ತಲೆಯ ಕಡೆ. ನೆಲಕ್ಕೆ ತಾಗಿಸಲಿಲ್ಲ. ಕಾಯಿಪಲ್ಲೆ ಮಾರುವ ಸುಕ್ರಿ ದೂರದಿಂದ, “ಒಡ್ಯಾ, ಆ ಹಾಳಿ ನಂಗೆ ಕೊಡ್ರಾ, ಮಳೆಗಾಲಕ್ಕೆ ಕಟ್ಟಿಗಿ ಮುಚ್ಚೂಕೆ ಆಗ್ತದೆ” ಎಂದು ಬಂದಳು. ಹತ್ತಿರ ಬಂದು ಮುಖ ನೋಡಿ, “ಅಯ್ಯೋ, ಬ್ಯಾಡ್ರಾ” ಎಂದು ಕೈ ಹಿಂದೆ ತೆಗೆದುಕೊಂಡಳು.

ನಿನ್ನೆ ಕೇಣಿಗೆ ಹೋಗಿದ್ದೆ. ಒಂದು ವರ್ಷದಿಂದ ಆ ದಾರಿ ಹಿಡಿದಿರಲಿಲ್ಲ. ಅಲೆ ಎದ್ದಿತ್ತು, ಆ ದಿನದ ಹಾಗೆಯೇ. ಅವನು ಈ ಅಲೆಯನ್ನು ನೋಡಿಯೂ ಇಳಿದಿರಬೇಕಾದರೆ, ಎಂದು ಯೋಚಿಸುತ್ತ ನಿಂತಿದ್ದೆ. ಅಷ್ಟರಲ್ಲಿ ಮೂವರು ಹುಡುಗರು ಅಂಗಿ ಬಿಚ್ಚಿ, ಕೂಗುತ್ತ, ಅದೇ ಅಲೆಗೆ ಹಾರಿದರು. ನಾನು ಬೊಬ್ಬೆ ಹೊಡೆದೆ. ಅವರು ನಕ್ಕರು, ಈಜಿದರು, ಸುರಕ್ಷಿತವಾಗಿ ಎದ್ದು ಬಂದರು.

ನನಗೆ ಗೊತ್ತಿಲ್ಲ, ಮಂದಾ. ಅವನು ಹೇಗೆ ಹೋದ ಎಂದು ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಹೆದ್ದಾರಿಯಲ್ಲಿ ಬರೆಸಿದೆ. ಗೊತ್ತಿಲ್ಲದೆ ಇರುವುದಕ್ಕಿಂತ ಅದು ಸಹಿಸಲು ಸುಲಭವಾಗಿತ್ತು.

ಫ್ಲೆಕ್ಸು ಈಗ ಮನೆಯಲ್ಲಿದೆ. ಯಾವ ಕೋಣೆಯಲ್ಲೂ ಹರಡಲು ಆಗುವುದಿಲ್ಲ. ನಡುಮನೆಯಲ್ಲಿ ಹಾಸಿದರೆ ಗದ್ದದಿಂದ ಹಣೆಯವರೆಗೆ ಬರುತ್ತದೆ, ಉಳಿದದ್ದು ಜಗಲಿಗೆ ಹೋಗುತ್ತದೆ. ಸುರುಳಿ ಸುತ್ತಿ ನೋಡಿದೆ, ಒಂದು ತುದಿ ಹಿಡಿದರೆ ಇನ್ನೊಂದು ತುದಿ ಜಾರುತ್ತದೆ. ನೆರೆಯವರನ್ನು ಕರೆಯಲು ಮನಸ್ಸಿಲ್ಲ. ಇಬ್ಬರು ಹಿಡಿಯದೆ ಅದನ್ನು ಮಡಚಲು ಬರುವುದಿಲ್ಲ.

ಮಂಗೇಶ


ಸದಾಶಿವಗಡ
12 ಜೂನ್ 2005

ಸಂದೇಶನ ಅಪ್ಪನವರಿಗೆ,

ಇಲ್ಲಿ ಮಳೆ ಹಿಡಿದಿದೆ. ಲತಾ ಮರುಪರೀಕ್ಷೆಗೆ ಕಟ್ಟಿದ್ದಾಳೆ. ಓದುತ್ತಾಳೋ ಇಲ್ಲವೋ, ನನ್ನ ಜೊತೆ ಬಾಯಿ ತುಂಬ ಮಾತಾಡುತ್ತಾಳೆ. ಒಂದೊಂದು ದಿನ ಏನೂ ಮಾತಾಡುವುದಿಲ್ಲ. ಆ ದಿನ ಹೀರಾ ಪೇಟೆಗೆ ಹೋಗುವುದಿಲ್ಲ. ಮೊನ್ನೆ ತಾಯಿ ಮಗಳಿಬ್ಬರನ್ನೂ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ಒಂದು ಫೋಟೋ ತೆಗೆಸಿದೆ. ಹೀರಾ ಮೂರು ಸಲ ತಲೆ ಬಾಚಿಕೊಂಡಳು. ಹುಡುಗಿ ಈ ಸಲ ಕಣ್ಣು ತೆರೆದಿದ್ದಾಳೆ.

ಸೇತುವೆಯ ತುದಿಯಲ್ಲಿ ಈಗ ಚೌಕಟ್ಟು ಮಾತ್ರ ಇದೆ. ಅದರೊಳಗೆ ನದಿ ಕಾಣುತ್ತದೆ. ಬೋರ್ಡು ಇದ್ದಾಗ ಅಲ್ಲಿ ನದಿ ಇದ್ದದ್ದೇ ನನಗೆ ಗೊತ್ತಿರಲಿಲ್ಲ. ಎರಡು ದಿನ ಅಲ್ಲಿಗೆ ಹೋಗಿ ಕೂತೆ. ಮೂರನೇ ದಿನ ಹೋಗಲಿಲ್ಲ.

ನೀವು ಗೊತ್ತಿಲ್ಲ ಎಂದು ಬರೆದಿರಿ. ಅದನ್ನು ಓದಿ ನಾನು ಕಾಗದ ಮಡಚಿಟ್ಟು ಬಹಳ ಹೊತ್ತು ಒಲೆಯ ಮುಂದೆ ಕೂತಿದ್ದೆ. ಈಜಲು ಹೋದ, ಈಜಲು ಹೋದ ಎಂದು ಒಂದು ವರ್ಷ ಹೇಳಿದೆ. ನನಗೂ ಗೊತ್ತಿಲ್ಲ.

ಗುರುವಾರ ಬರುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಕಾಯಬೇಡಿ, ನಿಮಗೆ ಡ್ಯೂಟಿ ಇರುತ್ತದೆ. ನಾನೇ ಮನೆಗೆ ಹೋಗುತ್ತೇನೆ.

ನಾನು ಬರುವವರೆಗೆ ಅದನ್ನು ನೀವೊಬ್ಬರೇ ಮಡಚಲು ಹೋಗಬೇಡಿ. ಮಡಿಕೆ ಅವನ ಮುಖದ ಮೇಲೆ ಬೀಳಬಾರದು.

ಮಂದಾ